ಕ್ಯಾಮರಾ ಹೊತ್ತು ಹಂಪೆಗೆ

ಹಂಪೆಯ ವಿರೂಪಾಕ್ಷ ದೇವಾಲಯಕ್ಕೆ ಹೋದ ಯಾತ್ರಿಕರು ದೇವರ ದರ್ಶನ ಮುಗಿಸಿಕೊಂಡು, ಗರ್ಭಗುಡಿಯ ಹಿಂಬದಿಗೆ ಬಂದು, ಕೆಲವು ಮೆಟ್ಟಿಲುಗಳನ್ನು ಹತ್ತಿ, ಒಂದು ಕತ್ತಲ ಕೋಣೆಯೊಳಕ್ಕೆ ಇಣುಕುವುದು ವಾಡಿಕೆ. ಹೊರಗಿನ ಬಿಸಿಲಿನಿಂದ ಬಂದ ಕಣ್ಣಿಗೆ ಮೊದಲು ಅಲ್ಲಿ ಏನೂ ತೋರುವುದಿಲ್ಲ. ಸ್ವಲ್ಪ ಹೊತ್ತು ತಾಳಿ ನಿಂತರೆ ಗೋಡೆಯ ಮೇಲೆ ಮಬ್ಬಾದ ಆಕೃತಿಯೊಂದು ಮೂಡಿ ಬರುತ್ತದೆ. ಅದು ದೇವಾಲಯದ ಪೂರ್ವ ದಿಕ್ಕಿನಲ್ಲಿ ನಿಂತಿರುವ ಮಹಾಗೋಪುರ. ಒಂಬತ್ತು ನೆಲೆಗಳ, ಸುಮಾರು 50 ಮೀಟರ್ ಎತ್ತರದ ಗೋಪುರ. ಆದರೆ ಇಲ್ಲಿ ಅದು ತಲೆಕೆಳಗಾಗಿದೆ. ಕಳಸ ನೆಲದ ಕಡೆಗೆ, ಬಾಗಿಲು ಸೂರಿನ ಕಡೆಗೆ! “ಸ್ವಾಮಿಯ ಮಹಿಮೆ” ಎಂದು ಹಿರಿಯರು ಕೈಮುಗಿಯುತ್ತಾರೆ, “ಅದು ಹೇಗೆ?” ಎಂದು ಮಕ್ಕಳು ಕೇಳುತ್ತಾರೆ. ಎರಡೂ ಸಹಜವೇ.

ಮಕ್ಕಳ ಪ್ರಶ್ನೆಗೆ ಉತ್ತರ ಸರಳವಾದುದು. ಕೋಣೆಗೆ ಬೆಳಕು ಬರುವುದು ಒಂದು ಸಣ್ಣ ಕಿಂಡಿಯಿಂದ. ಬೆಳಕು ನೆಟ್ಟಗೆ ಸಾಗುವುದೇ ಹೊರತು ತಾನಾಗಿ ಬಾಗುವುದಿಲ್ಲ. ಗೋಪುರದ ತುದಿಯಿಂದ ಹೊರಟ ಬೆಳಕು ಇಳಿಮುಖವಾಗಿ ಕಿಂಡಿಯನ್ನು ಹೊಕ್ಕು ಎದುರು ಗೋಡೆಯ ಕೆಳಭಾಗಕ್ಕೆ ಬೀಳುತ್ತದೆ; ಬುಡದಿಂದ ಹೊರಟದ್ದು ಏರುಮುಖವಾಗಿ ಬಂದು ಮೇಲ್ಭಾಗಕ್ಕೆ ತಾಗುತ್ತದೆ. ಚಿತ್ರ ತಿರುವುಮುರುವಾಗುವುದು ಅದರಿಂದಲೇ. ಕಿಂಡಿ ಚಿಕ್ಕದಾಗಿರುವುದರಿಂದ ಗೋಪುರ ಮೂಡುತ್ತದೆ. ಅದೇ ಕಿಂಡಿ ಕಿಟಕಿಯಷ್ಟು ದೊಡ್ಡದಾಗಿದ್ದರೆ ಕೋಣೆಯ ತುಂಬ ಬೆಳಕೇ ಹೊರತು ಚಿತ್ರವಿರುತ್ತಿರಲಿಲ್ಲ.

ಕ್ಯಾಮರಾ ಎಂಬ ಮಾತಿಗೆ ಲ್ಯಾಟಿನ್ ಭಾಷೆಯಲ್ಲಿ ಕೋಣೆ ಎಂದೇ ಅರ್ಥ. ಹಂಪೆಯ ಆ ಕತ್ತಲ ಕೋಣೆ ನಿಜವಾದ ಅರ್ಥದಲ್ಲಿ ಒಂದು ಕ್ಯಾಮರಾ. ಅದಕ್ಕೆ ಇಲ್ಲದಿರುವುದು ಒಂದೇ ಶಕ್ತಿ: ಕಂಡದ್ದನ್ನು ಉಳಿಸಿಕೊಳ್ಳುವುದು. ಸಂಜೆಯಾದರೆ ಗೋಡೆ ಬರಿಯ ಗೋಡೆ. ಈ ಶಕ್ತಿಯನ್ನು ಮನುಷ್ಯ ಸಂಪಾದಿಸಿದ್ದು 19ನೆಯ ಶತಮಾನದಲ್ಲಿ. ಈಗ ಆ ಕೋಣೆ ಎಲ್ಲರ ಜೇಬಿನಲ್ಲಿಯೂ ಇದೆ. ಮೊಬೈಲ್ ಫೋನನ್ನು ಹೊರತೆಗೆದು ಬೆರಳೊತ್ತಿದರೆ ಸಾಕು, ಚಿತ್ರ ಸಿದ್ಧ. ಹಂಪೆಗೆ ಬರುವ ಒಂದು ಸಂಸಾರ ಒಂದೇ ದಿನದಲ್ಲಿ ನೂರಾರು ಚಿತ್ರಗಳನ್ನು ತುಂಬಿಕೊಂಡು ಹಿಂದಿರುಗುತ್ತದೆ. ಆದರೆ ಅವುಗಳಲ್ಲಿ ಉಳಿಸಿಕೊಳ್ಳಬೇಕಾದದ್ದು ಯಾವುದು ಎಂಬ ಪ್ರಶ್ನೆಗೆ ಯಂತ್ರ ಉತ್ತರ ಹೇಳಲಾರದು. ಆ ಉತ್ತರವನ್ನು ತಡವಾಗಿ ಕಲಿತವರೊಬ್ಬರು ಹೊಸಪೇಟೆಯಲ್ಲಿದ್ದಾರೆ.

ಅವರು ಸಹಕಾರಿ ಬ್ಯಾಂಕೊಂದರಲ್ಲಿ ಗುಮಾಸ್ತರು. ಹುಟ್ಟಿ ಬೆಳೆದದ್ದು ಹಂಪೆಯಲ್ಲಿ. ಮದುವೆಯಾದ ಮೇಲೆ ಹೊಸಪೇಟೆಯಲ್ಲಿ ಮನೆ ಮಾಡಿದರು. ಎರಡು ಊರಿನ ನಡುವೆ ಸುಮಾರು 13 ಕಿಲೋಮೀಟರ್ ಅಂತರ. ಮೊದಲ ಕ್ಯಾಮರಾ ಕೊಂಡದ್ದು ಹಬ್ಬದ ಮುಂಗಡ ಹಣದಲ್ಲಿ. ಹವ್ಯಾಸದ ಮೊದಲ ಹುರುಪಿನಲ್ಲಿ ಎಲ್ಲರಂತೆ ಅವರಿಗೂ ದೊಡ್ಡ ಪ್ರಾಣಿಗಳ ಮೇಲೆಯೇ ಕಣ್ಣು. ಹಂಪೆಗೆ ಸಮೀಪದ ದರೋಜಿಯಲ್ಲಿ 1994ರಿಂದ ಕರಡಿಧಾಮವೊಂದಿದೆ. ಅಲ್ಲಿ ಮಧ್ಯಾಹ್ನದ ಹೊತ್ತು ಬಂಡೆಗಳ ಮೇಲೆ ಬೆಲ್ಲದ ಪಾಕ ಬಳಿಯುತ್ತಾರೆ. ಬಿಸಿಲು ಇಳಿದ ಮೇಲೆ ಕರಡಿಗಳು ಗುಹೆಗಳಿಂದ ಹೊರಬಂದು ಬಂಡೆಯನ್ನು ನೆಕ್ಕುತ್ತವೆ. ವೀಕ್ಷಣಾ ಗೋಪುರದಲ್ಲಿ ಕುಳಿತು ಗುಮಾಸ್ತರು ಎಷ್ಟೋ ಭಾನುವಾರ ಆ ಚಿತ್ರಗಳನ್ನು ತೆಗೆದರು. ದೂರದ ಕರಡಿ ಚಿತ್ರದಲ್ಲಿ ಕರಿಯ ಕಂಬಳಿಯ ಗಂಟಿನಂತೆ ಕಾಣುತ್ತಿತ್ತು. ಅದನ್ನು ಸಮೀಪಕ್ಕೆ ತರಬಲ್ಲ ಲೆನ್ಸಿನ ಬೆಲೆ ಕೇಳಿದಾಗ ಅವರ ವರ್ಷದ ಸಂಬಳ ಕಣ್ಣಮುಂದೆ ನಿಂತಿತು.

ದೊಡ್ಡದನ್ನು ಬಿಟ್ಟು ಚಿಕ್ಕದರ ಕಡೆಗೆ ತಿರುಗಿದ್ದು ಹಾಗೆ. ಹಳೆಯ 50 ಮಿಲಿಮೀಟರ್ ಲೆನ್ಸೊಂದನ್ನು ಒಂದು ಲೋಹದ ಉಂಗುರದ ಸಹಾಯದಿಂದ ಕ್ಯಾಮರಾಕ್ಕೆ ಹಿಂದುಮುಂದಾಗಿ ಜೋಡಿಸಿದರೆ, ಅದು ಕೀಟದ ಕಣ್ಣನ್ನೂ ಹೂವಿನ ಕೇಸರವನ್ನೂ ದೊಡ್ಡದಾಗಿ ತೋರಿಸಬಲ್ಲದು. ಅಲ್ಪ ವೆಚ್ಚದಲ್ಲಿ ಹೊಸದೊಂದು ಲೋಕವೇ ಅವರಿಗೆ ತೆರೆಯಿತು. ಇರುವೆ, ಜೇಡ, ಮಿಡತೆ, ಬಂಡೆಯ ಮೇಲಿನ ಓತಿಕ್ಯಾತ, ಗೋಡೆಯ ಸಂದಿನ ಹುಲ್ಲು ಇವುಗಳೇ ಅವರ ಹುಲಿ ಕರಡಿಗಳಾದವು. “ನಿಮಗೆ ಹುಳದ ಮೀಸಿ ಕಾಣ್ತಾವ, ಮನ್ಯಾಗ ಸಕ್ರಿ ಮುಗಿದದ್ದು ಕಾಣಂಗಿಲ್ಲ” ಎಂದು ಅವರ ಹೆಂಡತಿ ಆಡಿದ ಮಾತು ನೆರೆಹೊರೆಯಲ್ಲಿ ಗಾದೆಯೇ ಆಗಿಹೋಯಿತು.

ಈಗ ಅವರ ಹವ್ಯಾಸಕ್ಕೆ ಹದಿಮೂರು ವರ್ಷದ ಮಗಳು ಶಿಷ್ಯೆಯಾಗಿದ್ದಾಳೆ. ಡಿಸೆಂಬರ್ ತಿಂಗಳ ಒಂದು ಭಾನುವಾರ ತಂದೆ, ಮಗಳು, ಅವರೊಂದಿಗೆ ಎಪ್ಪತ್ತೈದು ದಾಟಿದ ಅಜ್ಜಿ, ಮೂವರೂ ಬೆಳಕು ಹರಿಯುವ ಮುನ್ನವೇ ಹಂಪೆಗೆ ಬಂದಿಳಿದರು. ಅಜ್ಜಿಯ ಕೈಯಲ್ಲಿ ರೊಟ್ಟಿಯ ಗಂಟು. ಮಗಳ ಹೆಗಲಲ್ಲಿ ಕ್ಯಾಮರಾ.

ಹೊಳೆಯ ದಡದಲ್ಲಿ

ಬಜಾರಿನ ಪೂರ್ವದ ಕೊನೆಯಿಂದ ತುಂಗಭದ್ರೆಯ ದಡ ಹಿಡಿದು ಹೋಗುವ ಕಾಲುದಾರಿ ಕೋದಂಡರಾಮ ದೇವಾಲಯವನ್ನು ಹಾದು ವಿಠ್ಠಲ ದೇವಾಲಯದತ್ತ ಸಾಗುತ್ತದೆ. ಸೂರ್ಯ ಇನ್ನೂ ಮತಂಗ ಪರ್ವತದ ಮರೆಯಲ್ಲಿದ್ದನು. ಹೊಳೆಯ ಮೇಲೆ ತೆಳುವಾದ ಮಂಜು. ದಡದ ಜೊಂಡಿನ ಎಲೆಗಳ ಮೇಲೆ ಇಬ್ಬನಿ. ಒಂದು ಒಣಕಡ್ಡಿಯ ತುದಿಯಲ್ಲಿ, ಮಕ್ಕಳು ಏರೋಪ್ಲೇನ್ ಚಿಟ್ಟೆ ಎಂದು ಕರೆಯುವ ಕೀಟವೊಂದು ರೆಕ್ಕೆ ಚಾಚಿ ಕುಳಿತಿದ್ದಿತು. ಅದರ ರೆಕ್ಕೆಯ ತುಂಬ ನೀರಿನ ಹನಿ.

ಮಗಳು ಧಾವಿಸಿ ಮುಂದೆ ಹೋದಳು. ತಂದೆ ಅವಳ ತೋಳು ಹಿಡಿದು ನಿಲ್ಲಿಸಿದರು. ಕೀಟಗಳ ಮೈಗೆ ತನ್ನದೇ ಆದ ಕಾವು ಇಲ್ಲ. ಬಿಸಿಲಿನಿಂದಲೇ ಅವು ಕಾವು ಪಡೆಯಬೇಕು. ಆದುದರಿಂದ ಬೆಳಗಿನ ಚಳಿಯಲ್ಲಿ ಅವುಗಳಿಗೆ ಹಾರುವ ತ್ರಾಣವಿರುವುದಿಲ್ಲ. ಹವ್ಯಾಸಿಗೆ ಇದಕ್ಕಿಂತ ಒಳ್ಳೆಯ ಸಮಯವಿಲ್ಲ. ಆದರೆ ನೆರಳು ಬೀಳಬಾರದು, ಕಡ್ಡಿ ಅಲುಗಬಾರದು. ಒಂದು ವೇಳೆ ಹಾರಿಹೋದರೂ ಬೆನ್ನಟ್ಟುವ ಅಗತ್ಯವಿಲ್ಲ. ಈ ಜಾತಿಯ ಅನೇಕ ಕೀಟಗಳು ಒಂದು ಸುತ್ತು ಹಾರಿ ಮತ್ತೆ ಅದೇ ಕಡ್ಡಿಗೆ ಬಂದು ಕೂರುತ್ತವೆ. ಓಡಿದವನಿಗೆ ಸಿಕ್ಕದ ಚಿತ್ರ ಕುಳಿತವನಿಗೆ ಸಿಕ್ಕುವುದು ಈ ಹವ್ಯಾಸದ ಮೊದಲ ಪಾಠ. ಮೂಡಿಗೆರೆಯ ತೋಟದಲ್ಲಿ ಹಕ್ಕಿಗಳ ಚಿತ್ರ ತೆಗೆದ ಪೂರ್ಣಚಂದ್ರ ತೇಜಸ್ವಿಯವರಾಗಲಿ, ಕಾಡುಪ್ರಾಣಿಗಳ ಚಿತ್ರಗಳಿಂದ ಹೆಸರಾದ ಬೆಂಗಳೂರಿನ ಟಿ. ಎನ್. ಎ. ಪೆರುಮಾಳ್ (1932–2017) ಅವರಾಗಲಿ, ಈ ತಾಳ್ಮೆಯಿಲ್ಲದೆ ಒಂದು ರೆಕ್ಕೆಯನ್ನೂ ಹಿಡಿಯುವಂತಿರಲಿಲ್ಲ.

ಮಗಳು ಮಂಡಿಯೂರಿ ಕುಳಿತು, ಉಸಿರು ಬಿಗಿಹಿಡಿದು, ಹತ್ತು ಹನ್ನೆರಡು ಚಿತ್ರಗಳನ್ನು ತೆಗೆದಳು. ನೋಡಿದರೆ ಒಂದರಲ್ಲಿ ಕಣ್ಣು ಸ್ಪಷ್ಟ, ಬಾಲ ಮಸುಕು; ಇನ್ನೊಂದರಲ್ಲಿ ಬಾಲ ಸ್ಪಷ್ಟ, ಕಣ್ಣು ಮಸುಕು. ಹಿಂದಿನ ಹೊಳೆಯಂತೂ ಬರಿಯ ಬೂದುಬಣ್ಣದ ಪರದೆ. “ಎಲ್ಲಾ ಯಾಕ ಸ್ಪಷ್ಟ ಬರಂಗಿಲ್ಲಪ್ಪಾ?” ಎಂದು ಅವಳ ಪ್ರಶ್ನೆ.

ಸಮೀಪಚಿತ್ರದ ಸ್ವಭಾವವೇ ಹಾಗೆ. ವಸ್ತುವಿಗೆ ಎಷ್ಟು ಹತ್ತಿರ ಹೋದರೆ ಸ್ಪಷ್ಟತೆಯ ಹರವು ಅಷ್ಟು ತೆಳುವಾಗುತ್ತದೆ. ಕೀಟದಷ್ಟು ಚಿಕ್ಕ ವಸ್ತುವಾದರೆ ಆ ಹರವು ಒಂದು ರಾಗಿಕಾಳಿನ ದಪ್ಪವೂ ಇರಲಾರದು. ಅದರ ಮುಂದಿನದೂ ಹಿಂದಿನದೂ ಕರಗಿಹೋಗುತ್ತದೆ. ಲೆನ್ಸಿನ ಕಿಂಡಿಯನ್ನು ಕಿರಿದು ಮಾಡಿದರೆ ಹರವು ಸ್ವಲ್ಪ ಹೆಚ್ಚುತ್ತದೆ. ಆದರೆ ಬೆಳಕು ಕಡಿಮೆಯಾಗಿ ಚಿತ್ರಕ್ಕೆ ಹೆಚ್ಚು ಕಾಲ ಬೇಕಾಗುತ್ತದೆ, ಅಷ್ಟರಲ್ಲಿ ಗಾಳಿ ಕಡ್ಡಿಯನ್ನು ಅಲುಗಿಸುತ್ತದೆ. ವಿರೂಪಾಕ್ಷ ಗುಡಿಯ ಕೋಣೆಯಲ್ಲಿ ಈ ತೊಂದರೆಯಿಲ್ಲ. ಅಲ್ಲಿ ಲೆನ್ಸೇ ಇಲ್ಲ, ಇರುವುದು ಸಣ್ಣ ಕಿಂಡಿಯೊಂದೇ. ಅದಕ್ಕೆ ಹತ್ತಿರದ್ದು ದೂರದ್ದು ಎಂಬ ಭೇದವಿಲ್ಲ. ಆ ಚಿತ್ರ ಮಬ್ಬಾಗಿರಬಹುದು, ಆದರೆ ಅದರ ಪಾಲಿಗೆ ಎಲ್ಲವೂ ಸಮಾನ. ಲೆನ್ಸು ಹಾಗಲ್ಲ. ಅದು ಒಂದನ್ನು ಆರಿಸುತ್ತದೆ, ಉಳಿದುದನ್ನು ಬಿಡುತ್ತದೆ.

ಹವ್ಯಾಸಿಗಳು ಈ ಮಸುಕನ್ನು ಒಂದು ಅಂದವೆಂದೇ ಎಣಿಸುತ್ತಾರೆ. ಹಿನ್ನೆಲೆ ಕರಗಿದಷ್ಟೂ ಕೀಟ ಎದ್ದು ಕಾಣುತ್ತದೆಯಲ್ಲವೆ? ಗುಮಾಸ್ತರೂ ಬಹುಕಾಲ ಹಾಗೆಯೇ ತಿಳಿದಿದ್ದರು. ಆದರೆ ಈ ದಿನ ಮಗಳಿಗೆ ಅವರು ಬೇರೊಂದು ಮಾತು ಹೇಳಿದರು. “ಹುಳದ ಚಿತ್ರ ಆತಲ್ಲ. ಇನ್ನ ಎದ್ದು ನಿಂತು, ನಾಕು ಹೆಜ್ಜೆ ಹಿಂದಕ್ಕ ಹೋಗಿ, ಆ ಕಡ್ಡಿ ಯಾವ ಹೊಳಿ ದಂಡಿಮ್ಯಾಲೆ ಇತ್ತು ಅನ್ನೋದನ್ನೂ ತೆಗಿ.” ಮಗಳು ಹಾಗೆಯೇ ಮಾಡಿದಳು. ಆ ಚಿತ್ರದಲ್ಲಿ ಕೀಟ ಕಾಣಲಿಲ್ಲ. ಹೊಳೆ, ಜೊಂಡು, ಬಂಡೆ, ದೂರದ ಮಂಟಪ, ಕಲ್ಲಿನ ಮೇಲೆ ಕುಳಿತು ಕಾಲು ನೀವಿಕೊಳ್ಳುತ್ತಿದ್ದ ಅಜ್ಜಿ ಇಷ್ಟೂ ಕಂಡಿತು.

ರಥದ ಮುಂದೆ

ವಿಠ್ಠಲ ದೇವಾಲಯದ ಅಂಗಳಕ್ಕೆ ಬರುವ ಹೊತ್ತಿಗೆ ಬಿಸಿಲು ಓರೆಯಾಗಿ ಬೀಳುತ್ತಿದ್ದಿತು. ಶಿಲ್ಪದ ಚಿತ್ರ ತೆಗೆಯುವವರಿಗೆ ಈ ಓರೆಬಿಸಿಲೇ ಬಂಗಾರ. ನೆತ್ತಿಯ ಬಿಸಿಲಿನಲ್ಲಿ ಚಪ್ಪಟೆಯಾಗಿ ತೋರುವ ಕುದುರೆ, ಸವಾರ, ಬಳ್ಳಿಗಳೆಲ್ಲ ಪಕ್ಕದ ಬೆಳಕಿನಲ್ಲಿ ನೆರಳು ಚೆಲ್ಲಿ ಎದ್ದು ನಿಲ್ಲುತ್ತವೆ. ಅಂಗಳದ ನಡುವೆ ಕಲ್ಲಿನ ರಥ. 2017ರಲ್ಲಿ ಬಂದ 50 ರೂಪಾಯಿಯ ಹೊಸ ನೋಟಿನ ಬೆನ್ನಿನಲ್ಲಿ ಇದರ ಚಿತ್ರವಿರುವುದರಿಂದ ಹಂಪೆಯನ್ನು ಕಾಣದವರಿಗೂ ಇದು ಪರಿಚಿತವೇ. ಒಂದೇ ಬಂಡೆಯಲ್ಲಿ ಕಡೆದದ್ದೆಂದು ಬಹಳ ಮಂದಿ ನಂಬಿದ್ದಾರೆ. ಹಾಗಲ್ಲ; ಅನೇಕ ಕಲ್ಲುಗಳನ್ನು ಬೆಸುಗೆ ಕಾಣದಂತೆ ಜೋಡಿಸಿ ಕಟ್ಟಿದ ಗರುಡನ ಗುಡಿ ಅದು. ರಥದ ಮುಂದಿರುವ ಎರಡು ಆನೆಗಳೂ ಮೊದಲಿನವಲ್ಲ. ಅವುಗಳ ಹಿಂದೆ ಬಗ್ಗಿ ನೋಡಿದರೆ ಕುದುರೆಗಳ ಹಿಂಗಾಲು ಮತ್ತು ಬಾಲದ ಗುರುತು ಉಳಿದಿರುವುದು ಕಾಣುತ್ತದೆ. ಮೊದಲು ಇದನ್ನು ಎಳೆಯುತ್ತಿದ್ದುದು ಕುದುರೆಗಳು.

ರಥದಿಂದ ಕಳೆದುಹೋದದ್ದು ಇನ್ನೂ ಒಂದಿದೆ. ಅದು ಕಣ್ಣಿಗೆ ಕಾಣದು. ಅದನ್ನು ತಿಳಿಸಿದ್ದು ಒಬ್ಬ ಹವ್ಯಾಸಿಯ ಕ್ಯಾಮರಾ. 1856ರಲ್ಲಿ ಅಲೆಕ್ಸಾಂಡರ್ ಗ್ರೀನ್‌ಲಾ ಎಂಬ ಸೈನ್ಯಾಧಿಕಾರಿ ಹಂಪೆಯ ಚಿತ್ರಗಳನ್ನು ತೆಗೆದನು. ಮದರಾಸು ಸೈನ್ಯದಲ್ಲಿ ಅವನ ಉದ್ಯೋಗ. ಛಾಯಾಗ್ರಹಣ ಬಿಡುವಿನ ಹವ್ಯಾಸ. ಛಾಯಾಗ್ರಹಣದ ವಿದ್ಯೆ ಲೋಕಕ್ಕೆ ಪ್ರಕಟವಾದದ್ದು 1839ರಲ್ಲಿ. ಕಾಗದದ ಮೇಲೆ ನೆಗೆಟಿವ್ ಮೂಡಿಸುವ ವಿಧಾನಕ್ಕೆ ಇಂಗ್ಲೆಂಡಿನ ಟಾಲ್ಬಟ್ ಪೇಟೆಂಟ್ ಪಡೆದದ್ದು 1841ರಲ್ಲಿ. ಗ್ರೀನ್‌ಲಾ ಬಳಸಿದ್ದೂ ಕಾಗದವೇ: ಮೇಣ ಹಿಡಿಸಿ, ಬೆಳ್ಳಿಯ ಲವಣಗಳನ್ನು ಲೇಪಿಸಿದ ಹಾಳೆಗಳು. ಒಂದೊಂದರ ಅಳತೆ ಸುಮಾರು 16 ಅಂಗುಲಕ್ಕೆ 18 ಅಂಗುಲ. ಹಾಳೆಯೇ ಅಷ್ಟು ದೊಡ್ಡದೆಂದ ಮೇಲೆ ಅದನ್ನು ಹಿಡಿಸುವ ಕ್ಯಾಮರಾ ಒಂದು ಪೆಟ್ಟಿಗೆಯಷ್ಟೇ ಇದ್ದಿರಬೇಕು. ಹಂಪೆಯ ಬಂಡೆಗಳ ನಡುವೆ, ಹಂಪೆಯ ಬಿಸಿಲಿನಲ್ಲಿ, ಅದನ್ನು ಹೊತ್ತು ತಿರುಗಿ ಅವನು ಸುಮಾರು 60 ಚಿತ್ರಗಳನ್ನು ತೆಗೆದನು.

ಆಮೇಲೆ ಆ ಹಾಳೆಗಳು ಬಹುಕಾಲ ಕಣ್ಮರೆಯಾಗಿದ್ದವು. 1980ರಲ್ಲಿ ಅವು ಇಂಗ್ಲೆಂಡಿನಲ್ಲಿ ಮತ್ತೆ ಬೆಳಕಿಗೆ ಬಂದಾಗ ವಿಜಯನಗರದ ವಾಸ್ತುವನ್ನು ಅಭ್ಯಾಸ ಮಾಡುತ್ತಿದ್ದ ವಿದ್ವಾಂಸರಿಗೆ ನಿಧಿ ಸಿಕ್ಕಿದಂತಾಯಿತು. ಏಕೆಂದರೆ ಗ್ರೀನ್‌ಲಾ ತೆಗೆದ ಚಿತ್ರದಲ್ಲಿ ಕಲ್ಲಿನ ರಥದ ಮೇಲೆ ಇಟ್ಟಿಗೆಯ ಶಿಖರವೊಂದಿದೆ! ಈಗ ಬೋಳಾಗಿ ಕಾಣುವ ರಥ ಆಗ ಎತ್ತರವಾದ, ಪೂರ್ಣವಾದ ಗುಡಿಯಾಗಿತ್ತು. ಶಿಖರವನ್ನು ಆಮೇಲೆ ತೆಗೆದುಹಾಕಲಾಯಿತು. ಆ ಹಾಳೆ ಸಿಕ್ಕದೆ ಹೋಗಿದ್ದರೆ, 50 ರೂಪಾಯಿ ನೋಟಿನಲ್ಲಿರುವ ರೂಪವೇ ರಥದ ಮೂಲರೂಪವೆಂದು ಎಷ್ಟೋ ಜನ ನಂಬಿಬಿಡುತ್ತಿದ್ದರು. ಇದೇ 1980ರ ದಶಕದಲ್ಲಿ ವಿದ್ವಾಂಸ ಜಾರ್ಜ್ ಮಿಶೆಲ್ ಅವರ ಜೊತೆಯಲ್ಲಿ ಆಸ್ಟ್ರೇಲಿಯದ ಛಾಯಾಗ್ರಾಹಕ ಜಾನ್ ಗಾಲಿಂಗ್ಸ್, ಗ್ರೀನ್‌ಲಾ ಎಲ್ಲೆಲ್ಲಿ ನಿಂತಿದ್ದನೋ ಅಲ್ಲಲ್ಲೇ ನಿಂತು ಅವೇ ನೋಟಗಳನ್ನು ಮತ್ತೆ ತೆಗೆದರು. ಎರಡು ಚಿತ್ರಗಳನ್ನು ಅಕ್ಕಪಕ್ಕ ಇಟ್ಟರೆ ನೂರಿಪ್ಪತ್ತೈದಕ್ಕೂ ಹೆಚ್ಚು ವರ್ಷಗಳಲ್ಲಿ ಏನು ಬಿತ್ತು, ಏನು ನಿಂತಿತು, ಏನನ್ನು ಕಟ್ಟಿದರು ಎಂಬುದನ್ನು ಮಗುವೂ ಹೇಳಬಹುದು.

ಗುಮಾಸ್ತರು ಈ ಕಥೆಯನ್ನು ಹೇಳಿದಾಗ ಮಗಳು ರಥವನ್ನು ಬಹಳ ಹೊತ್ತು ನೋಡುತ್ತ ನಿಂತಳು. ಆಮೇಲೆ ಕೇಳಿದಳು: “ಆ ಫೋಟೋದಾಗ ಮಂದಿ ಯಾರು ಅದಾರಪ್ಪಾ?”

ಒಳ್ಳೆಯ ಪ್ರಶ್ನೆ. ಆ ಕಾಲದ ಕಾಗದದ ಮೇಲೆ ಚಿತ್ರ ಮೂಡಬೇಕಾದರೆ ಕ್ಯಾಮರಾದ ಬಾಯಿಯನ್ನು ನಿಮಿಷಗಟ್ಟಲೆ ತೆರೆದಿಡಬೇಕಾಗಿತ್ತು. ಕಲ್ಲು ಅಲುಗದೆ ನಿಂತಿತು, ಚಿತ್ರದಲ್ಲಿ ಮೂಡಿತು. ನಡೆದು ಹೋದವರು, ದನ ಹೊಡೆದುಕೊಂಡು ಬಂದವರು ಅಂಥ ಚಿತ್ರಗಳಲ್ಲಿ ಮಸುಕಾಗುತ್ತಿದ್ದರು, ಇಲ್ಲವೆ ಮೂಡುತ್ತಲೇ ಇರಲಿಲ್ಲ. ಹಳೆಯ ಚಿತ್ರಗಳಲ್ಲಿ ಊರುಗಳು ಬರಿದಾಗಿ ತೋರುವುದಕ್ಕೆ ಇದೂ ಒಂದು ಕಾರಣ. ಊರು ಬರಿದಾಗಿರಲಿಲ್ಲ, ಜನ ಸುಮ್ಮನೆ ನಿಂತಿರಲಿಲ್ಲ, ಅಷ್ಟೆ.

ರಥದ ಸುತ್ತ ಹತ್ತಾರು ಫೋನುಗಳು ಎದ್ದಿದ್ದವು. ಎಲ್ಲರೂ ರಥಕ್ಕೆ ಬೆನ್ನು ಹಾಕಿ ತಮ್ಮ ಮುಖವನ್ನೇ ನೋಡಿಕೊಳ್ಳುತ್ತಿದ್ದರು. ಅದರಲ್ಲಿ ತಪ್ಪೇನಿಲ್ಲ, ಬಂದ ನೆನಪಿಗೆ ಒಂದು ಚಿತ್ರ ಬೇಕಾದದ್ದೇ. ಆದರೆ ಚಿತ್ರದ ಆಸೆ ಕೈಮೀರಿದರೆ ಕೇಡೂ ಉಂಟು. ಹಂಪೆಯಲ್ಲೇ ಗುಡಿಯೊಂದರ ಕಂಬವನ್ನು ಕೆಲವು ಯುವಕರು ನೂಕಿ ಕೆಡವಿದ ವಿಡಿಯೋ 2019ರಲ್ಲಿ ನಾಡಿನಲ್ಲೆಲ್ಲ ಹರಡಿತು. ನ್ಯಾಯಾಲಯ ಅವರಿಗೆ ದಂಡ ವಿಧಿಸಿ, ಬಿದ್ದ ಕಂಬವನ್ನು ಅವರ ಕೈಯಿಂದಲೇ ನಿಲ್ಲಿಸಿತು. ಕ್ಯಾಮರಾ ಹಿಡಿದವನು ಮೊದಲು ಕಲಿಯಬೇಕಾದದ್ದು ಮುಟ್ಟದೆ ನೋಡುವುದನ್ನು. ಹಕ್ಕಿಯ ಗೂಡಾಗಲಿ, ಕಲ್ಲಿನ ಕಂಬವಾಗಲಿ, ಚಿತ್ರ ತೆಗೆಯುವ ಮುನ್ನ ಹೇಗಿತ್ತೋ ತೆಗೆದ ಮೇಲೂ ಹಾಗೆಯೇ ಇರಬೇಕು.

ಬಜಾರಿನಲ್ಲಿ

ಮಧ್ಯಾಹ್ನ ಮಂಟಪವೊಂದರ ನೆರಳಿನಲ್ಲಿ ಅಜ್ಜಿಯ ಗಂಟು ಬಿಚ್ಚಿತು. ಜೋಳದ ರೊಟ್ಟಿ, ಶೇಂಗಾ ಚಟ್ನಿ, ಎಣ್ಣೆಗಾಯಿ, ಗಟ್ಟಿ ಮೊಸರು. ಊಟವಾದ ಮೇಲೆ ಮೂವರೂ ನಿಧಾನವಾಗಿ ವಿರೂಪಾಕ್ಷ ಬಜಾರಿಗೆ ಬಂದರು.

ಮಹಾಗೋಪುರದ ಎದುರಿನಿಂದ ಪೂರ್ವಕ್ಕೆ, ಮತಂಗದ ಬುಡದಲ್ಲಿರುವ ದೊಡ್ಡ ಬಸವಣ್ಣನವರೆಗೆ ನೇರವಾಗಿ ಚಾಚಿರುವ ರಥಬೀದಿಯೇ ಈ ಬಜಾರು. ಎರಡು ಕಡೆಯೂ ಕಲ್ಲುಕಂಬದ ಸಾಲುಮಂಟಪಗಳು. 1520ರ ಸುಮಾರಿಗೆ ಇಲ್ಲಿಗೆ ಬಂದ ಪೋರ್ಚುಗೀಸ್ ಯಾತ್ರಿಕ ಡೊಮಿಂಗೊ ಪಾಯಸ್ ಈ ನಗರದ ವೈಭವವನ್ನು ಕಂಡು ಬೆರಗಾಗಿ ಬರೆದಿಟ್ಟನು. 1565ರ ಯುದ್ಧದ ನಂತರ ನಗರ ಹಾಳಾಯಿತು. ಆದರೆ ಜನರಿಗೆ ನೆರಳು ಬೇಕು. ಕಾಲಕ್ರಮದಲ್ಲಿ ಈ ಮಂಟಪಗಳ ಕಂಬಗಳ ನಡುವೆ ಗೋಡೆಗಳೆದ್ದು, ಬಾಗಿಲುಗಳಿಟ್ಟು, ಮನೆಗಳೂ ಅಂಗಡಿಗಳೂ ಆದವು. ತೆಂಗಿನಕಾಯಿ, ಬಾಳೆಹಣ್ಣು, ಕುಂಕುಮ, ಚಹಾ, ಮಂಡಕ್ಕಿ ಮಾರುವ ಒಂದು ಊರೇ ಅಲ್ಲಿ ಬೆಳೆಯಿತು. ಗುಮಾಸ್ತರು ಹುಟ್ಟಿದ್ದು ಅಂಥದೊಂದು ಮನೆಯಲ್ಲಿ. ಅವರ ತಂದೆ ಮನೆಯ ಮುಂದೆಯೇ ಕಾಯಿ ಕರ್ಪೂರದ ಅಂಗಡಿ ಇಟ್ಟಿದ್ದರು.

ತಂದೆ ತೀರಿಕೊಂಡದ್ದು 2009ರಲ್ಲಿ. ಎರಡು ವರ್ಷ ಕಳೆದು, 2011ರ ಜುಲೈ ತಿಂಗಳ ಕೊನೆಯಲ್ಲಿ, ಸ್ಮಾರಕಗಳ ರಕ್ಷಣೆಗಾಗಿ ಬಜಾರಿನ ಮಂಟಪಗಳಲ್ಲಿದ್ದ ಮನೆ ಅಂಗಡಿಗಳನ್ನೆಲ್ಲ ತೆರವು ಮಾಡಲಾಯಿತು. ಅಲ್ಲಿಯ ಸಂಸಾರಗಳಿಗೆ ಕೆಲವು ಕಿಲೋಮೀಟರ್ ದೂರದ ಕಡ್ಡಿರಾಂಪುರದಲ್ಲಿ ನಿವೇಶನ ಗೊತ್ತುಮಾಡಿದರು. 1986ರಿಂದ ವಿಶ್ವಪರಂಪರೆಯ ತಾಣವಾಗಿರುವ ಹಂಪೆಯ ಕಲ್ಲುಗಳನ್ನು ಕಾಪಾಡಬೇಕೆಂಬುದು ಒಂದು ನ್ಯಾಯ. ಕಲ್ಲಿನ ನಡುವೆ ಬಾಳಿದವರ ಬದುಕು ಇನ್ನೊಂದು ನ್ಯಾಯ. ಅದರ ಚರ್ಚೆ ಅಂದಿನಿಂದ ಇಂದಿನವರೆಗೂ ನಡೆದೇ ಇದೆ. ಗುಮಾಸ್ತರ ತಾಯಿ ಚರ್ಚೆಗೆ ಹೋದವರಲ್ಲ. ಒಂದು ಟ್ರಂಕು, ಒಂದು ಒರಳು, ದೇವರ ಪಟಗಳು ಇಷ್ಟನ್ನು ತೆಗೆದುಕೊಂಡು ಮಗನ ಮನೆಗೆ ಬಂದರು.

ಕೆಲವು ತಿಂಗಳು ಕಳೆದ ಮೇಲೆ ಒಂದು ರಾತ್ರಿ ತಾಯಿ ಕೇಳಿದರು: “ತಮ್ಮಾ, ನಮ್ಮ ಮನೀದು ಒಂದು ಫೋಟೋ ಐತೇನು?”

“ಇಲ್ಲದ ಏನಬೇ? ಸಾವಿರಗಟ್ಟಲೆ ಫೋಟೋ ತಗದೀನಿ” ಎಂದು ಮಗ ಕಂಪ್ಯೂಟರಿನ ಮುಂದೆ ಕುಳಿತರು. ನಡುರಾತ್ರಿಯವರೆಗೆ ಹುಡುಕಿದರು. ಕರಡಿಗಳಿದ್ದವು. ಮಳೆಗಾಲದಲ್ಲಿ ಮೈ ಕೆಂಪಾದ ಗಂಡು ಓತಿಗಳಿದ್ದವು. ಮತಂಗದ ಮೇಲಿನ ಸೂರ್ಯೋದಯ ನೂರು, ಹೇಮಕೂಟದ ಮೇಲಿನ ಸೂರ್ಯಾಸ್ತ ನೂರು. ಇರುವೆಯ ಹಲ್ಲು ಇತ್ತು, ಜೇಡದ ಎಂಟು ಕಣ್ಣು ಇತ್ತು. ಮೂವತ್ತು ವರ್ಷ ಆಡಿ, ಉಂಡು, ಮಲಗಿ ಎದ್ದ ಮನೆಯ ಚಿತ್ರ ಒಂದೂ ಇರಲಿಲ್ಲ. ದಿನವೂ ಕಾಣುವುದನ್ನು ಯಾರಾದರೂ ಚಿತ್ರ ತೆಗೆಯುತ್ತಾರೆಯೆ? ನಾಳೆಯೂ ಅದು ಅಲ್ಲಿಯೇ ಇರುತ್ತದಲ್ಲ!

ಕೊನೆಗೆ 2008ರ ಒಂದು ಚಿತ್ರ ಕಣ್ಣಿಗೆ ಬಿತ್ತು. ಒಂದು ಭಾನುವಾರದ ಬೆಳಗ್ಗೆ, ಮನೆಯ ಎದುರಿನ ಒಣಕಡ್ಡಿಯ ಮೇಲೆ ಕುಳಿತ ಏರೋಪ್ಲೇನ್ ಚಿಟ್ಟೆಯ ಸಮೀಪಚಿತ್ರ. ಅದರ ಕಣ್ಣಿನ ಒಂದೊಂದು ಕಣವೂ ಸ್ಪಷ್ಟ. ಸ್ಪರ್ಧೆಯೊಂದರಲ್ಲಿ ಅದಕ್ಕೆ ಬಹುಮಾನವೂ ಬಂದಿತ್ತು. ಹಿನ್ನೆಲೆ ಸೊಗಸಾಗಿ ಕರಗಿದೆಯೆಂದು ತೀರ್ಪುಗಾರರು ಮೆಚ್ಚಿದ್ದರು. ಆ ಕರಗಿದ ಹಿನ್ನೆಲೆಯಲ್ಲಿ ಒಂದು ಹಸುರು ಪಟ್ಟೆ, ಅದರ ಕೆಳಗೆ ಒಂದು ಬಿಳಿಯ ಮಚ್ಚೆ.

ಮಗ ನಾಚಿಕೆಯಿಂದ ಅದನ್ನು ತೋರಿಸಿದರು. ತಾಯಿ ಚಿಟ್ಟೆಯನ್ನು ನೋಡಲೇ ಇಲ್ಲ. ಕನ್ನಡಕ ಸರಿಮಾಡಿಕೊಂಡು ಹಸುರು ಪಟ್ಟೆಯ ಮೇಲೆ ಬೆರಳಿಟ್ಟರು. “ಇದು ನಮ್ಮ ಕದ. ದೀಪಾವಳಿಗೆ ಬಣ್ಣಾ ಹಚ್ಚಿದ್ದು.” ಬೆರಳು ಕೆಳಗಿಳಿಯಿತು. “ಇದು ನಿಮ್ಮಪ್ಪ. ಕಟ್ಟಿಮ್ಯಾಲೆ ಕುಂತಾರ. ಮುಂಜೇಲೆ ಕಾಯಿ ಸುಲಿಯಾಕ ಕುಂದರತಿದ್ರಲ್ಲ, ಅದ ಧೋತ್ರ.”

ಮಗನಿಗೆ ಮಾತು ಹೊರಡಲಿಲ್ಲ. ಚಿತ್ರ ತೆಗೆಯುವಾಗ ತಂದೆ ನಾಲ್ಕು ಮಾರು ಆಚೆ ಕುಳಿತಿದ್ದರು. ಲೆನ್ಸಿನ ಉಂಗುರವನ್ನು ಒಂದಿಷ್ಟು ತಿರುಗಿಸಿದ್ದರೆ, ಇಲ್ಲವೆ ಎದ್ದು ನಿಂತು ಇನ್ನೊಂದು ಚಿತ್ರ ತೆಗೆದಿದ್ದರೆ ಸಾಕಾಗಿತ್ತು. ಕಳೆದುಹೋದದ್ದನ್ನು ಯಾವ ಯಂತ್ರವೂ ಮತ್ತೆ ಸ್ಪಷ್ಟ ಮಾಡಲಾರದು. ಕಾಗದದ ಮೇಲೆ ಬೀಳದ ಬೆಳಕು ಬೀಳದೆಯೇ ಹೋಯಿತು. ಆ ಚಿತ್ರ ಈಗಲೂ ಅವರ ಮನೆಯಲ್ಲಿ ದೇವರ ಪಟಗಳ ಪಕ್ಕದಲ್ಲಿದೆ. ಬಂದವರು ಚಿಟ್ಟೆಯನ್ನು ಹೊಗಳುತ್ತಾರೆ. ಅಜ್ಜಿ ಸುಮ್ಮನೆ ನಗುತ್ತಾರೆ.

ಅಂದಿನಿಂದ ಗುಮಾಸ್ತರ ಹವ್ಯಾಸಕ್ಕೆ ಹೊಸದೊಂದು ಕಟ್ಟಳೆ ಬಂದಿತು. ಕೀಟಗಳನ್ನು ಅವರು ಬಿಡಲಿಲ್ಲ. ಹತ್ತಿರ ಹೋಗಿ ನೋಡುವುದನ್ನು ಕಲಿಸಿದ್ದೇ ಅವು. ಆದರೆ ಪ್ರತಿಯೊಂದು ಸಮೀಪಚಿತ್ರದ ಜೊತೆಗೆ ಅದರ ನೆಲೆಯ ಚಿತ್ರವೂ ಒಂದಿರಬೇಕು. ತಿಂಗಳಿಗೊಮ್ಮೆ ಹೊಸಪೇಟೆಯ ತಮ್ಮ ಬೀದಿಯನ್ನು ಒಂದೇ ಜಾಗದಲ್ಲಿ ನಿಂತು ತೆಗೆಯುತ್ತಾರೆ. ಚಹಾ ಅಂಗಡಿ, ಹೂವಿನವಳು, ಹರಿಗೋಲಿನ ಅಂಬಿಗ, ಕಮಲಾಪುರದ ಬಾಳೆತೋಟಗಳಿಗೆ ಈಗಲೂ ನೀರು ಹಾಯಿಸುವ ವಿಜಯನಗರದ ಕಾಲದ ಕಾಲುವೆ, ಒಲೆಯ ಮುಂದೆ ರೊಟ್ಟಿ ತಟ್ಟುವ ಹೆಂಡತಿ, ಯಾವುದೂ ಅವರಿಗೆ ಈಗ ಕ್ಷುಲ್ಲಕವಲ್ಲ. ಒಳ್ಳೆಯ ಚಿತ್ರಗಳನ್ನು ಫೋನಿನಲ್ಲಿಯೇ ಕೊಳೆಯಲು ಬಿಡದೆ ಅಚ್ಚು ಹಾಕಿಸುತ್ತಾರೆ. ಹಿಂಬದಿಯಲ್ಲಿ ತಾರೀಖು, ಸ್ಥಳ, ಚಿತ್ರದಲ್ಲಿರುವವರ ಹೆಸರು ಬರೆಯುತ್ತಾರೆ. ಯಾರ ಚಿತ್ರ ತೆಗೆದರೋ ಅವರಿಗೊಂದು ಪ್ರತಿ ಕೊಡುತ್ತಾರೆ. ಓದುಗರಲ್ಲಿ ಈ ಹವ್ಯಾಸವುಳ್ಳವರು ಅನುಸರಿಸಬಹುದಾದ ಕಟ್ಟಳೆಯೇ ಇದು. ಇದಕ್ಕೆ ಬೆಲೆಬಾಳುವ ಲೆನ್ಸು ಬೇಡ, ದೂರದ ಪ್ರಯಾಣ ಬೇಡ. ಮನೆಯ ಹೊಸ್ತಿಲಲ್ಲಿ ನಿಂತು ಹೊರಗೆ ಒಮ್ಮೆ, ಒಳಗೆ ಒಮ್ಮೆ ನೋಡಿದರೆ ಸಾಕು.

ಸಂಜೆಯ ಹೊತ್ತಿಗೆ ಅಜ್ಜಿ ಬಜಾರಿನ ಒಂದು ಮಂಟಪದ ಮುಂದೆ ನಿಂತರು. ಈಗ ಅಲ್ಲಿ ಗೋಡೆಯಿಲ್ಲ, ಕದವಿಲ್ಲ, ಬರಿಯ ಕಂಬಗಳು. ಆದರೂ ಅವರು ಕಂಬಗಳನ್ನು ಎಣಿಸಿ, ಸರಿಯಾದ ಅಂಕಣವನ್ನು ಹುಡುಕಿ, ಕಲ್ಲುಕಟ್ಟೆಯ ಮೇಲೆ ಸೆರಗಿನಿಂದ ಧೂಳು ಕೊಡವಿ ಕುಳಿತರು. ಓರೆಬಿಸಿಲು ಅವರ ಮುಖದ ಗೆರೆಗೆರೆಯನ್ನೂ ತೋರುತ್ತಿದ್ದಿತು. ಮೊಮ್ಮಗಳು ಕ್ಯಾಮರಾ ಎತ್ತಿ ಮುಂದೆ ಮುಂದೆ ಬಂದಳು. ಅಜ್ಜಿಯ ಮುಖ ಚೌಕಟ್ಟಿನ ತುಂಬ ಬಂದಿತು. ಆಮೇಲೆ ಯಾರೂ ಹೇಳದೆಯೇ ಅವಳು ಹಿಂದೆ ಹಿಂದೆ ನಡೆದಳು. ಕಂಬಗಳು ಬಂದವು, ಮಂಟಪ ಬಂದಿತು, ಬೀದಿ ಬಂದಿತು, ಬೀದಿಯ ಕೊನೆಯಲ್ಲಿ ಮಹಾಗೋಪುರವೂ ಬಂದಿತು.

“ಅಜ್ಜೀ, ಅಲುಗಬ್ಯಾಡ!” ಎಂದು ಕೂಗಿ ಅವಳು ಗುಂಡಿಯೊತ್ತಿದಳು. ಆಮೇಲೆ ಓಡಿಬಂದು ಅಜ್ಜಿಯ ಪಕ್ಕದಲ್ಲಿ ಕುಳಿತು, ಚೀಲದಿಂದ ಪುಸ್ತಕ ತೆಗೆದು, ಅಂದಿನ ತಾರೀಖನ್ನೂ ಅಜ್ಜಿಯ ಹೆಸರನ್ನೂ ಬರೆದುಕೊಂಡಳು. “ಮನೀ ನಂಬರು ಎಷ್ಟಿತ್ತಜ್ಜೀ?” ಎಂದು ಕೇಳಿದಳು.

ಅಜ್ಜಿಗೆ ಅದು ಇನ್ನೂ ನೆನಪಿದ್ದಿತು.